ಮನೆಯವರು ಟೈಪ್ ಮಾಡಿದ ಕಥೆಗಳು

ನಾವು ವರ್ತೂರಿನ ಹೊಸ ಅಪಾರ್ಟ್‌ಮೆಂಟಿಗೆ ಬಂದ ಮರುವರ್ಷ, ಒಂದು ಭಾನುವಾರ, ನಮ್ಮ ಮನೆಯವರು ಕಂಪ್ಯೂಟರಿನಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರು. ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ ಯಾರೋ ಅದರ ಹುಚ್ಚು ಹಿಡಿಸಿದ್ದರು. ನಮ್ಮಲ್ಲಿದ್ದ ವಿಂಡೋಸ್ ಕದ್ದ ಪ್ರತಿ, ಲಿನಕ್ಸನ್ನಾದರೆ ಯಾರು ಬೇಕಾದರೂ ಬಳಸಬಹುದು, ಒಳಗೇನಿದೆ ಎಂದು ಬಿಚ್ಚಿಯೂ ನೋಡಬಹುದು ಎಂದು ತಿಂಡಿ ತಿನ್ನುವಾಗಲೂ ಅದೇ ಪುರಾಣ. ನಾನು ಹೂಡಿಯ ಶಾಲೆಯೊಂದರಲ್ಲಿ ಕನ್ನಡ ಟೀಚರು. ಬಿಚ್ಚಿ ನೋಡಿ ನನಗೇನಾಗಬೇಕಿತ್ತು?

ನನಗೆ ಬೇಕಿದ್ದದ್ದು ನನ್ನ ಕಥೆಗಳು. ಪ್ರಕಾಶಕರೊಬ್ಬರು ಕೇಳಿದ್ದರು. ಎಲ್ಲವನ್ನೂ ಅದೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದೆ. ಸಂಜೆ ಫೈಲು ತೆರೆದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕೆಗಳ ಕಲಸುಮೇಲೋಗರ. ಆಗಿನ ಕನ್ನಡ ತಂತ್ರಾಂಶದೊಳಗೆ ಇರುತ್ತಿದ್ದದ್ದು ಇಂಥ ಚಿಹ್ನೆಗಳೇ, ಫಾಂಟು ಅವಕ್ಕೆ ಕನ್ನಡದ ವೇಷ ಹಾಕುತ್ತಿತ್ತು ಅಷ್ಟೆ ಎಂದು ಇವರು ವಿವರಿಸಿದರು. ಹಳೆಯ ಫಾಂಟು ತಂದು ಕೂರಿಸಿದರೂ ಒತ್ತಕ್ಷರಗಳು ದಿಕ್ಕಾಪಾಲಾದವು.

“ಎಲ್ಲಾ ಐತಲ್ಲ, ಏನೂ ಕಳದಿಲ್ಲ,” ಎಂದರು ತಮ್ಮ ಧಾರವಾಡದ ಧಾಟಿಯಲ್ಲಿ. ನನಗೆ ಮೈ ಉರಿದುಹೋಯಿತು.

ಹಳೆಯ ವಿಂಡೋಸನ್ನೇ ಹಾಕಿಕೊಡಿ ಎಂದೆ. ಕದ್ದದ್ದನ್ನು ಮತ್ತೆ ಹಾಕುವುದಿಲ್ಲವೆಂದು ಹಟ ಹಿಡಿದರು. ಶಾಲೆಯಲ್ಲಿ ತೆಗೆದಿಟ್ಟಿದ್ದ ಪ್ರಿಂಟುಗಳನ್ನು ಅವರ ಮುಂದೆ ಕುಕ್ಕಿದೆ. ಕೊನೆಗೆ, ಲಿನಕ್ಸಿನಲ್ಲೂ ಕೆಡದ ಹೊಸ ಬಗೆಯ ಕನ್ನಡದಲ್ಲಿ ತಾವೇ ಟೈಪ್ ಮಾಡಿಕೊಡುವುದಾಗಿ ಒಪ್ಪಿದರು. ಹೈಸ್ಕೂಲು ಮುಗಿದ ಮೇಲೆ ಕನ್ನಡದಲ್ಲಿ ಸಹಿಯನ್ನೂ ಮಾಡದ ಆಸಾಮಿ, ಆಫೀಸಿನಿಂದ ಬಂದು ದಿನಾ ಒಂದೊಂದೇ ಅಕ್ಷರ ಹುಡುಕಿ ಕುಟ್ಟತೊಡಗಿದರು. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅವರು ನನ್ನ ಕಥೆ ಓದಿದ್ದು ಅದೇ ಮೊದಲು.

ಅದರಲ್ಲೊಂದು ಕಥೆಯಲ್ಲಿ ಗಂಡ ರಜಾದಿನವೆಲ್ಲ ಕಂಪ್ಯೂಟರಿನ ಮುಂದೆ ಕೂತಿರುತ್ತಾನೆ. ಹೆಂಡತಿ ಕರೆದೂ ಕರೆದೂ ಸಾಕಾಗಿ ಒಬ್ಬಳೇ ಊಟಕ್ಕೆ ಕೂರುತ್ತಾಳೆ. ಅವರು ಅಲ್ಲಿಗೆ ಬಂದಾಗ ಕುಟ್ಟುವ ಸದ್ದು ನಿಂತಿತು. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ.

“ಇವ ಕೊನಿಗಾದ್ರೂ ಊಟಕ್ಕ ಏಳ್ತಾನೋ ಇಲ್ಲೋ?” ಎಂದು ಕೂತಲ್ಲಿಂದಲೇ ಕೇಳಿದರು.

“ಇಲ್ರಿ,” ಎಂದೆ.

ಕುಟ್ಟುವ ಸದ್ದು ಮತ್ತೆ ಶುರುವಾಯಿತು. ಅಂದು ಆ ಕಥೆ ಮುಗಿಸಿಯೇ ಎದ್ದರು. ಆಮೇಲೆ ಪ್ರಿಂಟಿನ ಜೊತೆ ಹೋಲಿಸಿ ನೋಡಿದೆ. ಬೇರೆ ಕಡೆ ಅಲ್ಲಲ್ಲಿ ಸಾಲುಗಳು ಬಿಟ್ಟುಹೋಗಿದ್ದವು. ಆ ಗಂಡನ ಬಗ್ಗೆ ನಾನು ಬರೆದದ್ದರಲ್ಲಿ ಮಾತ್ರ ಒಂದು ಪದವೂ ಬಿಟ್ಟಿರಲಿಲ್ಲ.