ಅಪ್ಪ ಬರೆದ ನನ್ನ ಹೆಸರು

ಆ ದಿನಗಳಲ್ಲಿ ಮೆಣಸಿನಕಾಯಿ ಹಂಗಾಮು ಬಂತೆಂದರೆ ಬ್ಯಾಡಗಿಗೆ ಬ್ಯಾಡಗಿಯೇ ಸೀನುತ್ತಿತ್ತು. ಅಂಥ ಒಂದು ಹಂಗಾಮಿನ ಕೊನೆಗೆ, ಬಿಸಿಲು ಏರಿದ ಮೇಲೆ, ನನ್ನ ತಮ್ಮ ಸಮುವೇಲ ಜ್ವರ ಬಂದು ತೀರಿಕೊಂಡ. ಅವನಿಗೆ ಐದು ವರ್ಷ, ನನಗೆ ಎಂಟು.

ಓಣಿಯಲ್ಲಿ ನಮ್ಮದೊಂದೇ ಕ್ರೈಸ್ತ ಮನೆ. ದೊಡ್ಡ ಬೈಬಲ್ಲಿನ ಮೊದಲ ಖಾಲಿ ಹಾಳೆಗಳಲ್ಲಿ ಹುಟ್ಟಿದವರ, ಸತ್ತವರ ಹೆಸರು ಬರೆದಿಡುವುದು ನಮ್ಮ ಮನೆತನದ ರೂಢಿ. ಒಮ್ಮೆ ಬರೆದದ್ದನ್ನು ಯಾರೂ ಹೊಡೆದುಹಾಕುವಂತಿರಲಿಲ್ಲ. "ಈ ಪುಸ್ತಕದಾಗ ಸುಳ್ಳಿಲ್ಲ" ಎಂದು ಅಜ್ಜಿ ದಿನಾ ಹೇಳುತ್ತಿದ್ದಳು.

ಮಣ್ಣು ಮಾಡಿ ಬಂದ ಮೂರನೆಯ ದಿನ ಮಧ್ಯಾಹ್ನ, ತಮ್ಮನ ಹೆಸರು ನೋಡಬೇಕೆನಿಸಿ ಬೈಬಲ್ ತೆರೆದೆ. ಸತ್ತವರ ಹಾಳೆಯ ಕೊನೆಗೆ ಅಪ್ಪನ ಅಕ್ಷರದಲ್ಲಿ ಇದ್ದದ್ದು 'ಸುಶೀಲಾ'. ಅದು ನನ್ನ ಹೆಸರು.

ಅಡುಗೆಮನೆಗೆ ಹೋಗಿ "ಯವ್ವಾ, ನೀರು ಕೊಡು" ಎಂದೆ. ಅವ್ವ ಗೋಡೆ ನೋಡುತ್ತ ಕುಳಿತಿದ್ದಳು. ಮತ್ತೆ ಕರೆದೆ. ಕಣ್ಣು ಕೂಡ ಹೊರಳಲಿಲ್ಲ. ಮೂರು ದಿನಗಳಿಂದ ಯಾರೂ ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ, ತಲೆ ಬಾಚಿರಲಿಲ್ಲ. ಅಂಗಳಕ್ಕೆ ಹೋಗಿ ಒಣಹಾಕಿದ್ದ ಮೆಣಸಿನಕಾಯಿಯೊಂದನ್ನು ಮುರಿದು ಮೂಗಿಗೆ ಹಿಡಿದೆ. ಸೀನು ಬರಲಿಲ್ಲ. ಓಣಿಯಲ್ಲಿ ಒಂದೂ ಸಪ್ಪಳವಿರಲಿಲ್ಲ. ಸೂರ್ಯ ನೆತ್ತಿಯ ಮೇಲಿದ್ದ. ಕಾಲ ಸುತ್ತ ನೆರಳು ಹುಡುಕಿದೆ, ಕಾಣಲಿಲ್ಲ.

ಹೆದರಿಕೆಯೇನೂ ಆಗಲಿಲ್ಲ. ಪುಸ್ತಕದಲ್ಲಿದ್ದ ಮೇಲೆ ಖರೆಯೇ ಇರಬೇಕು. ಹಾಗಾದರೆ ಹಾಳೆಯಲ್ಲಿ ಹೆಸರಿಲ್ಲದ ತಮ್ಮ ಇಲ್ಲೇ ಎಲ್ಲೋ ಬದುಕಿದ್ದಾನೆ. "ಸಮ್ಮೂ, ಸಮ್ಮೂ" ಎಂದು ಮೆಲ್ಲಗೆ ಕರೆಯುತ್ತ ಹಿತ್ತಲಿಗೆ ಹೋದೆ. ಹಿಂದಿನಿಂದ ಅಜ್ಜಿ ಬಂದು ಕೈ ಹಿಡಿದಳು.

"ಯಾರನ್ನ ಕರಿಯಾಕತ್ತೀದಿ?"

"ಸಮ್ಮೂನ್ನ. ಸತ್ತಾಕಿ ನಾನಬೇ. ಪುಸ್ತಕದಾಗ ಐತಿ."

ಅಜ್ಜಿ ಒಳಗೆ ಬಂದು ಹಾಳೆ ನೋಡಿದಳು.

"ಮತ್ತ ಮುಂಜಾನೆ ಗಡಿಗ್ಯಾಗಿನ ಬೆಣ್ಣಿ ಕದ್ದು ತಿಂದಾಕಿ ಯಾರು? ನಿಮ್ಮಪ್ಪ ಅಳಕೋತ ಬರದಾನ, ಕೈ ತಪ್ಪೈತಿ."

"ಪುಸ್ತಕದಾಗ ಉಳಿದದ್ದನ್ನೂ ಮನಷ್ಯಾರ ಬರದಾರಲ್ಲ. ಅದನ್ನ ಯಾಕ ನಂಬೂದು?"

"ಬರದವರು ತಮ್ಮ ತಪ್ಪು ಮುಚ್ಚಿಟ್ಟಿಲ್ಲ, ಅದಕ್ಕ. ಗುರುವಿನ್ನ ಶಿಲುಬಿಗೆ ಏರಸಾಕ ಹಿಡಕೊಂಡು ಹೋದಾಗ ಶಿಷ್ಯರೆಲ್ಲಾ ಅಂಜಿ ಓಡಿದ್ರು ಅಂತ ಬರದಿಟ್ಟಾರ. ಸುಳ್ಳು ಹೇಳಾವ್ರು ತಮ್ಮ ಮಾನ ತಾವ ಕಳಕೋತಾರೇನ?"

ಅಜ್ಜಿ ಅಪ್ಪನನ್ನು ಕರೆದಳು. ಅಪ್ಪ ನನ್ನ ಹೆಸರನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ 'ನನ್ನ ತಪ್ಪು. ಮಗಳು ಬದುಕಿದ್ದಾಳೆ' ಎಂದು ಬರೆದ. ಕೆಳಗೆ 'ಸಮುವೇಲ' ಎಂದು ಬರೆದಾಗ ನಾನು ಮೊದಲ ಸಲ ಅತ್ತೆ. ಅಲ್ಲಿಯವರೆಗೆ ಅವನು ಬದುಕಿದ್ದ.

ಈ ವರ್ಷ ಅಪ್ಪನೂ ಹೋದ. ಬೈಬಲ್ ಈಗ ರಾಣೆಬೆನ್ನೂರಿನಲ್ಲಿ ನನ್ನ ಮನೆಯಲ್ಲಿದೆ. ಅದನ್ನು ನಂಬುತ್ತೇನೆ, ಅಜ್ಜಿ ಅಂದು ಕೊಟ್ಟ ಕಾರಣಕ್ಕೇ ನಂಬುತ್ತೇನೆ. ಆದರೆ ನನ್ನ ನಂಬಿಕೆಗೆ ಈಗ ಕಾರಣ ಬೇಕು. ಪುಸ್ತಕದಲ್ಲಿದೆ ಎಂಬಷ್ಟಕ್ಕೇ ತಾನು ಸತ್ತಿದ್ದೇನೆಂದು ಒಪ್ಪಿಕೊಂಡು, ತಮ್ಮನನ್ನು ಕರೆಯುತ್ತ ಹಿತ್ತಲಿಗೆ ನಡೆದ ಆ ಹುಡುಗಿ ಮಾತ್ರ ತಿರುಗಿ ಬರಲಿಲ್ಲ.