ಕ್ಯಾಸೆಟ್ಟಿನಲ್ಲಿ ಬಂದ ಭೋಂಗಾ

ದಾಂಡೇಲಿಯ ಕಾಗದದ ಮಿಲ್ಲಿನಿಂದ ನನ್ನನ್ನು ಎರಡು ವರ್ಷಕ್ಕೆಂದು ಕೆನ್ಯಾದ ಹೊಸ ಮಿಲ್ಲಿಗೆ ಕಳಿಸಿದ್ದರು. ಹೊಸಬರಿಗೆ ಯಂತ್ರ ನಡೆಸಲು ಕಲಿಸುವುದು ನನ್ನ ಕೆಲಸ. ಊಟ, ವಸತಿಗೆ ಕೊರತೆ ಇರಲಿಲ್ಲ. ಆದರೆ ಪಾಳಿ ಬದಲಾಗುವಾಗ ಕೂಗುವ ಭೋಂಗಾ ಅಲ್ಲಿ ಇರಲಿಲ್ಲ. ಎಲ್ಲರೂ ಕೈಗಡಿಯಾರ ನೋಡಿಕೊಂಡು ಬರುತ್ತಿದ್ದರು. ಇದೆಂಥ ಮಿಲ್ಲು ಎಂದು ನನಗೆ ಸಿಟ್ಟೇ ಬರುತ್ತಿತ್ತು.

ನಮ್ಮೂರಲ್ಲಿ ಭೋಂಗಾ ಕೂಗಿದರೆ ಯಾರ ಮಾತೂ ಯಾರಿಗೂ ಕೇಳಿಸದು. ಜಗಳವಾಡುವವರೂ ಬಾಯಿ ಮುಚ್ಚಿ ಕಾಯುತ್ತಾರೆ, ಅದು ನಿಂತ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ.

ಕೆಲವು ತಿಂಗಳಾದ ಮೇಲೆ ಹೆಂಡತಿ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸಿದಳು.

"ನಾವೆಲ್ಲಾ ಆರಾಮ ಅದೇವ್ರಿ. ಅತ್ತಿಯವರ ಕಣ್ಣಿಂದು..." ಎನ್ನುವಾಗ ಭೋಂಗಾ ಕೂಗಿತು. ಅವಳು ಸುಮ್ಮನಾದಳು. ಇತ್ತ ನಾನು ಕುರ್ಚಿಯಿಂದೆದ್ದು ಚಪ್ಪಲಿ ಹುಡುಕುತ್ತಿದ್ದೆ. ಭೋಂಗಾ ನಿಂತಿತು.

"...ಆಪರೇಷನ್ ಆತ್ರಿ," ಎಂದು ಅವಳು ಮುಂದುವರಿಸಿದಳು.

ಟೇಪನ್ನು ಅದೊಂದೇ ಜಾಗಕ್ಕೆ ಹಿಂದೆ ತಿರುಗಿಸಿ ತಿರುಗಿಸಿ ಕೇಳಿದೆ. ಕೊನೆಗೆ ಅದು ಅಲ್ಲೇ ಸವೆದು ಕರಕರ ಅನ್ನತೊಡಗಿತು. ಇನ್ನೊಂದು ಕ್ಯಾಸೆಟ್ಟು ಕಳಿಸು ಎಂದು ಬರೆದೆ. ಯಾಕೆಂದು ಬರೆಯಲು ಸಂಕೋಚವಾಯಿತು.

ಎರಡನೆಯದು ಬಂತು. ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು ಅವಳ ದನಿ.

"ಹೋದ ಸಲ ಭೋಂಗಾ ಅಡ್ಡ ಬಂತ ನೋಡ್ರಿ. ಅದಕ್ಕ ಈ ಸಲ ತೇರಗಾಂವಕ್ಕ, ತವರಮನಿಗೆ ಬಂದು ಮಾತಾಡಾಕತ್ತೇನಿ. ಇಲ್ಲೆ ಅದರ ಕಾಟ ಇಲ್ಲ."