ಅರ್ಧ ಸ್ವರ

ಶುಕ್ರವಾರ ಬಂತೆಂದರೆ ಕಾಪುವಿನ ನಮ್ಮ ಮೊಬೈಲ್ ಟವರಿಗೆ ಉಸಿರು ಕಟ್ಟುತ್ತಿತ್ತು. ಗಲ್ಫಿನಲ್ಲಿ ಅಂದು ರಜೆ. ಅಲ್ಲಿ ದುಡಿಯುವ ಗಂಡಸರೆಲ್ಲ ನಮಾಜು, ಊಟ ಮುಗಿಸಿ ಒಟ್ಟಿಗೇ ಊರಿಗೆ ಫೋನು ಮಾಡುತ್ತಿದ್ದರು. ಮೊಬೈಲ್ ಕಂಪನಿಯೊಂದರ ಟೆಕ್ನಿಷಿಯನ್ ಆಗಿ ಗದಗದ ಕಡೆಯಿಂದ ಬಂದಿದ್ದ ನಾನು ಒಂದು ಬ್ಯಾರಿ ಕುಟುಂಬದ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿಯ ಗಂಡ ದುಬೈಯಲ್ಲಿದ್ದರು. ವಾರಕ್ಕೊಮ್ಮೆ ಬರುವ ಅವರ ಕರೆ ಸಿಗದಿದ್ದರೆ ಆಕೆಯ ಸಿಟ್ಟೆಲ್ಲ ಮೆಟ್ಟಿಲ ಬುಡದಿಂದ ನನ್ನ ಮೇಲೆ ಹಾಯುತ್ತಿತ್ತು.

“ನಿಮ್ಮ ಟವರ್ ಎಂತಕ್ಕೆ ಉಂಟು ಮಾರಾಯ್ರೇ, ಕಾಗೆ ಕೂರ್ಲಿಕ್ಕಾ?”

ಹೊಸ ಯಂತ್ರ ಕೇಳಿದರೆ ಕಂಪನಿಯ ಮೇಲಿನವರು ಕೊಡಲಿಲ್ಲ. ಒಂದು ಕರೆಯ ಜಾಗದಲ್ಲಿ ಎರಡನ್ನು ಕೂರಿಸಿ ಎಂದರು. ಗದ್ದಲವಿದ್ದಾಗ ಸ್ವರವನ್ನು ಹಿಂಡಿ ಅರ್ಧ ಜಾಗಕ್ಕೆ ಇಳಿಸುವುದು. ಟವರು ಖಾಲಿಯಿದ್ದರೆ ಕರೆಗೆ ತಾನಾಗಿ ಪೂರ್ತಿ ಜಾಗ. ಸ್ವರ ಸ್ವಲ್ಪ ತೆಳುವಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಹೇಳಿದರು. ಪರೀಕ್ಷೆಗೆಂದು ಎರಡು ಕಿವಿಗೂ ಒಂದೊಂದು ಫೋನು ಹಿಡಿದು ನನಗೆ ನಾನೇ ಹಲೋ ಎನ್ನುತ್ತ ನಿಂತೆ. ಆ ಊರಿನಲ್ಲಿ ನನ್ನ ಹೆಚ್ಚಿನ ಮಾತೆಲ್ಲ ಹೀಗೇ ಆಗುತ್ತಿತ್ತು.

ಮುಂದಿನ ಶುಕ್ರವಾರ ಕರೆ ಮೊದಲ ಸಲಕ್ಕೇ ಬಂತು. ನಾನು ಶಭಾಷ್‌ಗಿರಿಗೆ ಕಾದಿದ್ದೆ. ಮನೆಯೊಡತಿ ಬಾಡಿದ ಮುಖ ಹೊತ್ತು ಹೊರಗೆ ಬಂದರು.

“ಅವರಿಗೆ ಹುಷಾರಿಲ್ಲ. ಸ್ವರವೇ ಅವರದ್ದಲ್ಲ. ಆಸ್ಪತ್ರೆಗೆ ಹೋಗಿ ಅಂತ ಹೇಳಿದ್ರೆ, ಎಂತ ಆಗಿಲ್ಲ ಅಂತಾರೆ. ಸುಳ್ಳು! ಅದೇ ಜಗಳದಲ್ಲಿ ಫೋನ್ ಕಟ್ಟಾಯ್ತು.”

ಕಾಯಿಲೆ ಅವರದಲ್ಲ, ನಮ್ಮ ಟವರಿನದು ಎಂದು ತಿಳಿಸಿ ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

“ಹಾಗಾದರೆ ಉಳಿದ ಅರ್ಧ ಸ್ವರ ಯಾರ ಮನೆಗೆ ಹೋಯ್ತು?”

ನನಗೆ ನಗು ಬರಲಿಲ್ಲ. ಹೊಟ್ಟೆಕಿಚ್ಚಾಯಿತು. ಸ್ವರ ಚೂರು ತೆಳುವಾದರೆ ಇಷ್ಟು ಹೆದರುವವರು ಆ ಮನುಷ್ಯನಿಗಿದ್ದರು. ನನ್ನ ಫೋನಿಗೆ ಆಫೀಸಿನದು ಬಿಟ್ಟರೆ ಬೇರೆ ಕರೆಯೇ ಬರುತ್ತಿರಲಿಲ್ಲ.

ಮರುದಿನ ನಸುಕಿಗೆ ಟವರಿನ ಬೇಲಿಯ ಪಕ್ಕ ನಿಂತು ಗದಗದಲ್ಲಿದ್ದ ಅಕ್ಕನಿಗೆ ಫೋನು ಮಾಡಿದೆ. ಹೆದ್ದಾರಿಯಲ್ಲಿ ಮಲ್ಪೆಯ ಮೀನು ಲಾರಿ ನೀರು ಸುರಿಸುತ್ತ ಹೋಯಿತು.

“ನಿನ್ನ ದನಿ ಯಾಕೋ ಸಣ್ಣಾಗೇತಿ ತಮ್ಮಾ. ಆರಾಮ ಅದಿಯಿಲ್ಲೋ?” ಎಂದಳು ಅಕ್ಕ.

“ಅದು ಟವರಿಂದು ಅಕ್ಕಾ. ಇಲ್ಲಿ ಗದ್ದಲ ಭಾಳ,” ಎಂದೆ.

ಊರು ಇನ್ನೂ ಎದ್ದಿರಲಿಲ್ಲ. ಟವರು ಖಾಲಿಯಿತ್ತು. ಪೂರ್ತಿ ಜಾಗ ನನಗೊಬ್ಬನಿಗೇ ಸಿಕ್ಕಿತ್ತು.